ಶಿವಮೊಗ್ಗ ಗಾಂಧಿ ಬಜಾರಿನ ಫ್ರೇಮ್ ಅಂಗಡಿ: ಗ್ಯಾಲರಿಗೆ ಹೊರಟವರು ಒಮ್ಮೆ ಹೋಗಿ ಬನ್ನಿ

ನಾನು ತೀರ್ಥಹಳ್ಳಿ ಕಡೆಯವಳು. ಜಲವರ್ಣದಲ್ಲಿ ಅಡಿಕೆ ತೋಟ, ಹೊಳೆ, ಹಂಚಿನ ಮನೆ ಬಿಡಿಸುತ್ತೇನೆ. ಬೆಂಗಳೂರಿನ ಗ್ಯಾಲರಿಗಳಿಗೆ ತೋರಿಸಲು ಹನ್ನೆರಡು ಚಿತ್ರ ಆರಿಸಿ, ಫ್ರೇಮ್ ಹಾಕಿಸಲು ಶಿವಮೊಗ್ಗದ ಈ ಚಿಕ್ಕ ಅಂಗಡಿಗೆ ಹೋಗಿದ್ದೆ.

ಯಜಮಾನರು ಮೊದಲು ಕೇಳಿದ್ದೇ, "ಫೋಟೋ ತೆಗೆದಿಟ್ಟಿದ್ದೀರಾ ಅಮ್ಮ? ಗಾಜು ಹಾಕಿದ ಮೇಲೆ ಟ್ಯೂಬ್‌ಲೈಟೇ ಕಾಣೋದು" ಅಂತ. ನಿಜ ಅಲ್ವಾ? ಗ್ಯಾಲರಿಯವರು ಮೊದಲು ನೋಡುವುದು ಫೋಟೋವನ್ನೇ. ಅಲ್ಲೇ ಬಾಗಿಲ ಬೆಳಕಿನಲ್ಲಿ ಒಂದೊಂದಾಗಿ ತೆಗೆದೆ.

"ಎಲ್ಲಕ್ಕೂ ಸುಮ್ನೆ ದುಡ್ಡು ಹಾಕಬೇಡಿ, ಮೂರಕ್ಕೆ ಸಾಕು" ಅಂದರು. ತನ್ನ ವ್ಯಾಪಾರ ಬಿಟ್ಟು ಹೀಗೆ ಹೇಳುವವರು ಅಪರೂಪ.

ಕೆಲಸ ತುಂಬ ಅಚ್ಚುಕಟ್ಟು. ಬೇರೆಲ್ಲೋ ಫ್ರೇಮ್ ಹಾಕಿಸಿದ್ದ ನನ್ನ ಹಳೆಯ ಚಿತ್ರವೊಂದು ಮಳೆಗಾಲದ ತೇವಕ್ಕೆ ಗಾಜಿಗೇ ಅಂಟಿಕೊಂಡಿತ್ತು. ಆಕಾಶದ ತುಂಬ ಬೂಷ್ಟಿನ ಕಂದು ಚುಕ್ಕಿ. ನೋಡಿ ಅಳು ಬಂದಿತ್ತು. ಇವರು ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು) ಹಾಕಿ, ಗಾಜಿಗೂ ಕಾಗದಕ್ಕೂ ನಡುವೆ ಜಾಗ ಬಿಟ್ಟರು. ಹಿಂದುಗಡೆ ಚಿತ್ರದ ಹೆಸರು, ಅಳತೆ, ಮಾಧ್ಯಮ, ವರ್ಷ ಬರೆದ ಚೀಟಿ. ಬೆಲೆ ಮಾತ್ರ ಅದರ ಮೇಲೆ ಬರೆಯಬೇಡಿ ಅಂದರು. ಮಾರಾಟವಾದರೆ ಗ್ಯಾಲರಿಯವರೂ ಪಾಲು ತೆಗೆದುಕೊಳ್ಳುತ್ತಾರೆ, ಎಷ್ಟೋ ಕಡೆ ಅರ್ಧದ ತನಕ. ಅದನ್ನು ಮಾತಾಡಿಕೊಂಡೇ ಬೆಲೆ ಹೇಳಬೇಕು.

ನಾಲ್ಕು ದಿನ ಅಂದವರು ಹತ್ತು ದಿನ ತೆಗೆದುಕೊಂಡರು. ಗ್ಯಾಲರಿಯ ದಿನ ಗೊತ್ತಾಗಿದ್ದರೆ ಮುಂಚೆಯೇ ಕೊಡಿ.

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೂ ಇವರ ಹತ್ತಿರವೇ ಮೌಂಟ್ ಮಾಡಿಸುತ್ತೇನೆ.