ಅರ್ಧ ಬೆಲೆಗೆ ಸಿಕ್ಕ ಸಸ್ಸಿಕಾಯಾ

ಇಟಲಿಯಲ್ಲಿರುವ ಕನ್ನಡದವರಿಗೆ, ಇಲ್ಲಿಂದ ಊರಿಗೆ ಹೋಗುವಾಗ ಒಂದೆರಡು ಒಳ್ಳೆಯ ವೈನ್ ಬಾಟಲಿ ಒಯ್ಯುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸಸ್ಸಿಕಾಯಾ ಎಂಬ ದುಬಾರಿ ಕೆಂಪು ವೈನಿನ ಹೆಸರಲ್ಲಿ ನಾನು ಕಳೆದುಕೊಂಡದ್ದು 720 ಯೂರೊ.

ಮಗಳು ಹುಟ್ಟಿದ್ದು 2015ರಲ್ಲಿ. ಅದೇ ವರ್ಷದ ದ್ರಾಕ್ಷಿಯ ವೈನ್ ತಂದಿಟ್ಟು, ಅವಳಿಗೆ ಹದಿನೆಂಟು ತುಂಬಿದಾಗ ತೆರೆಯಬೇಕೆಂಬ ಆಸೆ ನನಗೆ. 2015ರ ಸಸ್ಸಿಕಾಯಾ ಅಂದರೆ ಕೇಳಬೇಕೆ? ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ 2018ರಲ್ಲಿ ಅದನ್ನೇ ವರ್ಷದ ವೈನ್ ಎಂದು ಆರಿಸಿತ್ತು. ಅಂಗಡಿಗಳಲ್ಲಿ ಬೆಲೆ ಕೈಗೆಟುಕುತ್ತಿರಲಿಲ್ಲ.

ಈ ವೈನ್ ಬರುವುದು ಟಸ್ಕನಿಯ ಕಡಲ ಬದಿಯ ಬೊಲ್ಗೆರಿಯಲ್ಲಿರುವ ತೆನುತಾ ಸಾನ್ ಗ್ವಿದೊ ಎಂಬ ಎಸ್ಟೇಟಿನಿಂದ. ಟಸ್ಕನಿಯೆಂದರೆ ಸಾಂಜೊವೇಸೆ ದ್ರಾಕ್ಷಿಯ ನಾಡು. ಅಲ್ಲಿ ಮಾರಿಯೊ ಇಂಚೀಸಾ ದೆಲ್ಲಾ ರೊಕ್ಕೆತ್ತಾ ಎಂಬ ಮಾರ್ಕಿಸ್, ಅಂದರೆ ಜಹಗೀರುದಾರ ಮನೆತನದವ, 1940ರ ದಶಕದಲ್ಲಿ ಫ್ರಾನ್ಸಿನ ಬೋರ್ಡೊ ವೈನ್‌ಗಳ ಮೋಹದಿಂದ ಕ್ಯಾಬರ್ನೆ ಎಂಬ ಅಲ್ಲಿನ ದ್ರಾಕ್ಷಿಯ ಬಳ್ಳಿ ನೆಟ್ಟ. 'ಸಾಸ್ಸೊ' ಅಂದರೆ ಕಲ್ಲು. ಕಲ್ಲುನೆಲದ ಬಳ್ಳಿ, ಆದ್ದರಿಂದ ಆ ಹೆಸರು. ವರ್ಷಗಟ್ಟಲೆ ಮನೆಯವರಷ್ಟೇ ಕುಡಿಯುತ್ತಿದ್ದರು. ಮಾರಾಟಕ್ಕೆ ಬಂದದ್ದು 1968ರ ಬೆಳೆಯಿಂದ. ಆಗಿನ ನಿಯಮಕ್ಕೆ ಹೊಂದದ ಕಾರಣ ಬಾಟಲಿಯ ಮೇಲೆ 'ಊಟದ ವೈನ್', ಅಂದರೆ ತೀರ ಸಾಮಾನ್ಯ ದರ್ಜೆಯದು, ಎಂದೇ ಬರೆಯಬೇಕಿತ್ತು, ತಮಾಷೆ ನೋಡಿ! 1985ರ ಬೆಳೆಗೆ ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ನೂರಕ್ಕೆ ನೂರು ಕೊಟ್ಟ. ಆಮೇಲೆ ಸಂಗ್ರಹಕಾರರು ಹಿಂದಿರುಗಿ ನೋಡಲಿಲ್ಲ. ದಶಕಗಳ ಕಾಲ ಇಡಬಹುದು, ಹರಾಜಿನಲ್ಲಿ ಮಾರಬಹುದು. ಅಂದರೆ ಕೊಂಡವರಲ್ಲಿ ಬಹಳ ಮಂದಿ ಬೇಗ ತೆರೆಯುವುದೇ ಇಲ್ಲ. ಕಳ್ಳರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

2019ರ ಕೊನೆಯಲ್ಲಿ ಮಿಲಾನಿನಲ್ಲಿ ಪರಿಚಯದವರ ಮೂಲಕ ಒಬ್ಬ ಸಿಕ್ಕ. ಹೋಟೆಲು ಮುಚ್ಚುತ್ತಿದ್ದೇನೆ, ಮಾಲು ಖಾಲಿ ಮಾಡಬೇಕು ಅಂದ. ಬಾಟಲಿಗೆ 120 ಯೂರೊ, ಆರರ ಪೆಟ್ಟಿಗೆ. ಕೊಟ್ಟದ್ದು ಹೋಟೆಲಿನಲ್ಲಲ್ಲ, ಕಾರು ನಿಲ್ಲಿಸುವ ಜಾಗದಲ್ಲಿ. ಮರದ ಪೆಟ್ಟಿಗೆ, ಒಳಗೆ ತೆಳು ಕಾಗದ ಸುತ್ತಿದ ಬಾಟಲಿಗಳು, ಲೇಬಲ್ಲಿನ ಮೇಲೆ ಸಸ್ಸಿಕಾಯಾದ ಗುರುತು, ನೀಲಿ ವೃತ್ತದಲ್ಲಿ ಬಂಗಾರದ ನಕ್ಷತ್ರ. "ರಸೀದಿ ಎಲ್ರೀ?" ಅಂದಳು ಹೆಂಡತಿ. "ಪೆಟ್ಟಿಗೆ ನೋಡೇ, ರಸೀದಿ ಯಾಕೆ ಬೇಕು" ಅಂದೆ. ಆ ಮಾತನ್ನು ಅವಳು ಇವತ್ತಿಗೂ ಮರೆತಿಲ್ಲ.

ಹೊಸ ವರ್ಷಕ್ಕೆ ತಡೆಯಲಾರದೆ ಒಂದನ್ನು ತೆರೆದೆ. ಎಳೆಯ ಕ್ಯಾಬರ್ನೆ, ಓಕ್ ಪೀಪಾಯಿಯಲ್ಲಿ ಎರಡು ವರ್ಷ ಮಾಗಿದ್ದು. ನಾಲಿಗೆ ಹಿಡಿಯುವ ಒಗರು ಇರಬೇಕಿತ್ತು. ಇದೋ ಬಿಸಿಲಿಗೆ ಬೆಂದ ಹಣ್ಣಿನ ಹಾಗೆ ಮೆತ್ತಗೆ, ಸಿಹಿ ಸಿಹಿ. ದೊಡ್ಡವರ ವೈನ್ ನನ್ನ ನಾಲಿಗೆಗೆ ಎಲ್ಲಿ ಅರ್ಥವಾಗುತ್ತದೆ ಎಂದುಕೊಂಡು ಸುಮ್ಮನಾದೆ. ದೋಷ ನನ್ನದೇ ಅಂದುಕೊಂಡೆನಲ್ಲ, ಹೊಟ್ಟೆ ಉರಿಯುವುದು ಅದಕ್ಕೇ.

2020ರ ಅಕ್ಟೋಬರಿನಲ್ಲಿ ಸುದ್ದಿ ಬಂತು. ಇಟಲಿಯ ಹಣಕಾಸು ಪೊಲೀಸರು, ಗ್ವಾರ್ದಿಯಾ ದಿ ಫಿನಾಂಜಾ, ನಕಲಿ ಸಸ್ಸಿಕಾಯಾ ಜಾಲವೊಂದನ್ನು ಹಿಡಿದಿದ್ದರು. ವೈನ್ ಸಿಸಿಲಿಯದು, ಬಾಟಲಿ ಟರ್ಕಿಯದು, ಪೆಟ್ಟಿಗೆ ಬಲ್ಗೇರಿಯಾದ್ದು. 2010ರಿಂದ 2015ರವರೆಗಿನ ಬೆಳೆಗಳ ಹೆಸರಲ್ಲಿ ತಿಂಗಳಿಗೆ ಸುಮಾರು 700 ಪೆಟ್ಟಿಗೆ ಹೊರಡುತ್ತಿದ್ದವಂತೆ. ತೆಳು ಕಾಗದವನ್ನೂ ಬಿಡದೆ ನಕಲು ಮಾಡಿದ್ದರು. ನನ್ನವು ಅದೇ ಜಾಲದವು ಎನ್ನಲು ನನ್ನ ಬಳಿ ಪುರಾವೆಯಿಲ್ಲ. ಆದರೆ ಒಂದು ಬಾಟಲಿ ಹಿಡಿದು ಹಳೆಯ ವೈನ್ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಅಜ್ಜ ತಮ್ಮ ಬಳಿಯಿದ್ದ ಅಸಲಿ 2015ನ್ನು ಪಕ್ಕದಲ್ಲಿಟ್ಟರು. ನಕ್ಷತ್ರದ ಬಂಗಾರ ನನ್ನದರಲ್ಲಿ ಮಂಕು. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದರೆ ತೂಕವೂ ಬೇರೆ. ಅವರು ಏನೂ ಹೇಳಲಿಲ್ಲ, ಕಾಫಿ ತರಿಸಿದರು. ಮಾರಿದವನ ನಂಬರು ಅಷ್ಟರಲ್ಲಿ ಸತ್ತಿತ್ತು.

ಆ ಒಂದನ್ನು ತೆರೆಯದೇ ಇದ್ದಿದ್ದರೆ 2033ರಲ್ಲಿ, ಮಗಳ ಮುಂದೆ, ಬಂಧುಗಳ ಮುಂದೆ ಗೊತ್ತಾಗುತ್ತಿತ್ತು.

ಹಾಗಾಗಿ ಕೊಳ್ಳುವುದಾದರೆ ಎಸ್ಟೇಟಿನಿಂದ ನಿಮ್ಮ ಕೈವರೆಗೆ ಯಾರ್ಯಾರ ಕೈ ದಾಟಿತು ಎನ್ನಲು ಕಾಗದ ಕೇಳಿ. ಹರಾಜಿನವರು ಮುಂದೆ ನಿಮ್ಮನ್ನು ಕೇಳುವುದೂ ಅದನ್ನೇ. ಈಗಾಗಲೇ ಕೊಂಡು ಅನುಮಾನ ಬಂದಿದ್ದರೆ ಪೆಟ್ಟಿಗೆ, ಕಾಗದ, ಬಿರಡೆ ಯಾವುದನ್ನೂ ಎಸೆಯಬೇಡಿ, ಪೊಲೀಸರಿಗೆ ತೋರಿಸಿ. ನಾನು ತೆರೆದ ಬಾಟಲಿಯ ಬಿರಡೆಯನ್ನು ಅಂದೇ ಕಸಕ್ಕೆ ಹಾಕಿಬಿಟ್ಟಿದ್ದೆ.