ಮಸಾರಿ ಹೊಲದಲ್ಲಿ ಕೃಷಿ ಹೊಂಡ: ಎರಡು ಮಳೆಗಾಲ ಕಂಡ ಮೇಲೆ

ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆ ನೀರು ಹಿಡಿಯುವ ಹೊಂಡ ತಗೋಬೇಕಾ ಬೇಡವಾ ಅಂತ ಶಿರಹಟ್ಟಿ ಕಡೆಯ ನಮ್ಮ ಬೀಗರು ಕೇಳುತ್ತಲೇ ಇರುತ್ತಾರೆ. ತಗೊಳ್ಳಿ. ಆದರೆ ನೀರು ಇಂಗದಂತೆ ಹೊಂಡಕ್ಕೆ ಪ್ಲಾಸ್ಟಿಕ್ ಶೀಟ್ ಹಾಸುವ ದಿನ ಹೊಲ ಬಿಟ್ಟು ಎಲ್ಲೂ ಹೋಗಬೇಡಿ.

ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣು. ಮುಂಗಾರಿಗೆ ಶೇಂಗಾ. ರೋಣ, ನರಗುಂದದ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಮಣ್ಣೇ ನೀರು ಹಿಡಿಯುತ್ತದೆ. ನಮ್ಮಲ್ಲಿ ಶೀಟ್ ಇಲ್ಲದಿದ್ದರೆ ಕೆಲವೇ ದಿನಕ್ಕೆ ತಳ ಕಾಣುತ್ತದೆ. ಕೃಷಿ ಭಾಗ್ಯ 2014-15ರಲ್ಲಿ ಶುರುವಾದ ಯೋಜನೆ. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90 ಸಹಾಯಧನ. ಉತಾರ (ಪಹಣಿ), ಆಧಾರ್, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಅರ್ಜಿ ಕೊಡಬಹುದು.

ಜಾಗದ ವಿಷಯ. ಜೆಸಿಬಿಯವನು ರಸ್ತೆ ಪಕ್ಕ ಸಲೀಸು ಅಂದ. ಅಪ್ಪ ಒಪ್ಪಲಿಲ್ಲ. "ಮಳಿ ಬಂದಾಗ ನೀರಿನ ಹಿಂದ ನಡದ ನೋಡು, ಆಮ್ಯಾಲ ತೋಡ್ಸು" ಅಂದರು. ಹಾಗೇ ಮಾಡಿದೆವು. ಮೊದಲು ಬದು ಸರಿ ಮಾಡಿ, ನೀರು ಸೇರುವ ಮೂಲೆಯಲ್ಲಿ 12 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ ತೋಡಿಸಿದೆವು.

ಶೀಟ್ ಹಾಸಿದ ದಿನ ನಾನು ಸಂತೆಗೆ ಹೋಗಿದ್ದೆ. ಮೊದಲ ದೊಡ್ಡ ಮಳೆಗೆ ಹೊಂಡ ತುಂಬಿತು. ಮರುದಿನ ನೋಡಿದರೆ ನೀರು ಒಂದು ಗೇಣು ಇಳಿದಿತ್ತು, ಶೀಟ್ ಮೇಲೆ ಕೆಂಪು ಗೆರೆ ಉಳಿದಿತ್ತು. ಮೂರನೇ ದಿನ ಇನ್ನೊಂದು ಗೆರೆ. ಎಲ್ಲ ಇಳಿದ ಮೇಲೆ ಶೀಟ್ ಎತ್ತಿದೆವು. ಅಡಿಯಲ್ಲಿ ಅಡಿಕೆ ಗಾತ್ರದ ಗರಸು ಕಲ್ಲು, ಅದರ ನೆತ್ತಿಗೆ ಸರಿಯಾಗಿ ಒಂದು ತೂತು. ಪಕ್ಕದಲ್ಲೇ ಬೆಸುಗೆ ಬಾಯಿ ಬಿಟ್ಟಿತ್ತು. ಒಂದು ಮಳೆಗಾಲದ ನೀರು ಹೋಯಿತು, ಆ ಸಂಕಟ ಹೇಳಲಾಗದು. ಮತ್ತೆ ಹಾಸುವ ಮುಂಚೆ ನಾನೂ ನನ್ನ ಹೆಂಡತಿಯೂ ಬರಿಗಾಲಲ್ಲಿ ತಳ, ಇಳಿಜಾರು ಎಲ್ಲಾ ತುಳಿದು, ಕಾಲಿಗೆ ಚುಚ್ಚಿದ ಕಲ್ಲನ್ನೆಲ್ಲ ಆರಿಸಿದೆವು. ಈಗ ಹನಿ ಸೋರುವುದಿಲ್ಲ.

ಬದಿಗಳು ಇಳಿಜಾರಾದ್ದರಿಂದ ಹಿಡಿಯುವುದು ಸುಮಾರು ಎರಡೂವರೆ ಲಕ್ಷ ಲೀಟರ್. ಎರಡು ಎಕರೆಗೆ ಸ್ಪ್ರಿಂಕ್ಲರ್‌ನಲ್ಲಿ ಒಂದು ಇಂಚು ಮಳೆ ಬಂದಷ್ಟು ಕೊಡಬಹುದು, ಅಷ್ಟೇ. ಅದರ ಮೇಲೆ ಕಬ್ಬಿನ ಕನಸು ಬೇಡ. ಆದರೆ ಶೇಂಗಾ ಹೂ ಬಿಟ್ಟು, ಕಾಯಿ ಕಟ್ಟುವ ಸೂಜಿ ಮಣ್ಣಿಗೆ ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ಗಟ್ಟಿ ನೆಲಕ್ಕೆ ಸೂಜಿ ಇಳಿಯುವುದೇ ಇಲ್ಲ ಅಲ್ವಾ? ಹೋದ ವರ್ಷ ಆಗಲೇ ಈ ನೀರು ಕೊಟ್ಟೆವು. ಬದುವಿನ ಆಚೆ ನೀರು ಮುಟ್ಟದ ಗಿಡ ಕಿತ್ತರೆ ನಾಲ್ಕೈದು ಕಾಯಿ, ಈಚೆ ಕಿತ್ತರೆ ಗೊಂಚಲು.

ನೀರು ಒಳಗೆ ಬರುವ ಬಾಯಲ್ಲಿ ಹೂಳು ಗುಂಡಿ ಬೇಕೇ ಬೇಕು. ನಮ್ಮದು ಮೂರು ಮಳೆಗೆ ತುಂಬುತ್ತದೆ. ಆ ಮಣ್ಣನ್ನು ಬುಟ್ಟಿಯಲ್ಲಿ ವಾಪಸ್ ಹೊಲಕ್ಕೇ ಹಾಕುತ್ತೇವೆ.

ಬೇಲಿ ಆಮೇಲೆ ನೋಡೋಣ ಅನ್ನಬೇಡಿ. ಒದ್ದೆ ಶೀಟ್ ಮೇಲೆ ಕಾಲು ನಿಲ್ಲುವುದಿಲ್ಲ, ಈಜು ಬಲ್ಲವರಿಗೂ ಮೇಲೆ ಬರಲು ಆಗುವುದಿಲ್ಲ. ಬೇಲಿ ಇದ್ದರೂ ಅಪ್ಪ ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದಾರೆ.