ಪ್ರೊಪೆಲ್ಲರ್ ಬ್ಯಾಲೆನ್ಸ್: ಬಿಚ್ಚಿ ತೂಗುವುದೋ, ತಿರುಗಿಸಿ ಅಳೆಯುವುದೋ?

ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ಮರದ ಪ್ರೊಪೆಲ್ಲರ್ ಇದ್ದರೆ ಸ್ಟ್ಯಾಟಿಕ್ ಬ್ಯಾಲೆನ್ಸ್, ಅಂದರೆ ಅದನ್ನು ಬಿಚ್ಚಿ ಅಲಗುಗಳ ತೂಕ ಸರಿದೂಗಿಸುವುದು, ತಪ್ಪಿಸುವಂತಿಲ್ಲ. ಹಬ್ಬಿನ (ಅಲಗುಗಳು ಸೇರುವ ನಡುಭಾಗದ) ನಡುತೂತಿಗೆ ಬಿಗಿಯಾಗಿ ಕೂರುವ ಉಕ್ಕಿನ ದಂಡ ತೂರಿಸಿ, ಮಟ್ಟ ನೋಡಿ ಕೂರಿಸಿದ ಎರಡು ಚೂಪಂಚಿನ ಪಟ್ಟಿಗಳ ಮೇಲಿಡಿ. ಫ್ಯಾನ್ ಆರಿಸಿ. ಮಂಗಳೂರಿನ ಸೆಕೆಗೆ ಕಷ್ಟವೇ, ಆದರೆ ಆ ಗಾಳಿಗೇ ಅಲಗು ತೂಗಾಡುತ್ತದೆ. ಮೇಲೇಳುವ ಅಲಗು ಹಗುರ. ಅದರ ತುದಿಗೆ ವಾರ್ನಿಷ್ ಬಳಿದು, ಪೂರ್ತಿ ಒಣಗಿದ ಮೇಲೆ ಮತ್ತೆ ನೋಡಿ. ನೆಟ್ಟಗೆ ನಿಲ್ಲಿಸಿಯೂ ಪರೀಕ್ಷಿಸಿ. ಖರ್ಚು ಅಲ್ಪ, ಆದರೆ ಸ್ಪಿನ್ನರ್ (ಹಬ್ ಮುಚ್ಚುವ ಮೂತಿಯ ಟೊಪ್ಪಿ), ಫ್ಲೈವೀಲ್‌ಗಳ ತೂಕದ ವ್ಯತ್ಯಾಸ ಇಲ್ಲಿ ಕಾಣದು.

ಅದನ್ನು ಹಿಡಿಯುವುದು ಡೈನಾಮಿಕ್ ಬ್ಯಾಲೆನ್ಸ್, ಅಂದರೆ ಎಂಜಿನ್ ಓಡಿಸಿ ಕಂಪನ ಅಳೆಯುವುದು. ಎಂಜಿನ್ನಿನ ಮುಂಭಾಗಕ್ಕೆ ಕಂಪನದ ಸೆನ್ಸರ್, ತಿರುಗುವಾಗ ಅಲಗಿನ ಸ್ಥಾನ ಗುರುತಿಸಲು ಅದರ ಹಿಂಬದಿಗೆ ಹೊಳೆಯುವ ಟೇಪ್. ಕಡಲಗಾಳಿ ಏಳುವ ಮುಂಚೆ, ಬೆಳಿಗ್ಗೆಯೇ, ಚಕ್ರಕ್ಕೆ ಅಡೆಯಿಟ್ಟು ಬಾಲ ಕಟ್ಟಿ ಎಂಜಿನ್ನನ್ನು ಕ್ರೂಸ್ (ಸಮ ಹಾರಾಟದ) ವೇಗದಲ್ಲಿ ಓಡಿಸಿ. ಕಂಪನದ ವೇಗ ಸೆಕೆಂಡಿಗೆ 0.2 ಇಂಚು ದಾಟಿದರೆ ಸ್ಪಿನ್ನರ್ ಹಿಂತಟ್ಟೆಯ ಸ್ಕ್ರೂಗಳಿಗೆ ವಾಷರ್ ಸೇರಿಸಿ; 0.07ಕ್ಕಿಂತ ಕೆಳಗಿಳಿದರೆ ಸಾಕು. ಮೊದಲು ಅಲಗುಗಳ ಟ್ರ್ಯಾಕ್ (ಎಲ್ಲ ತುದಿಗಳೂ ಒಂದೇ ಸಮತಲದಲ್ಲಿ ತಿರುಗುತ್ತವೆಯೇ ಎಂದು) ನೋಡಿ, ಅದು ತಪ್ಪಿದ್ದರೆ ವಾಷರ್ ಎಷ್ಟು ಹಾಕಿದರೂ ನಡುಕ ಹೋಗದು.

ಲೋಹದ ಪ್ರೊಪೆಲ್ಲರ್ ಬ್ಯಾಲೆನ್ಸ್ ಆಗಿಯೇ ಬಂದಿದ್ದರೆ ನೇರ ಡೈನಾಮಿಕ್ ಮಾಡಿಸಿ. ಮರದ್ದಕ್ಕೆ ಎರಡೂ ಬೇಕು. ಉಡುಪಿಯ ಮಳೆಗಾಲದಲ್ಲಿ ಅದನ್ನು ಅಡ್ಡಕ್ಕೇ ನಿಲ್ಲಿಸಿ. ನೆಟ್ಟಗಿಟ್ಟರೆ ತೇವ ಕೆಳಗಿನ ಅಲಗಿಗಿಳಿದು, ಮಾಡಿದ ಬ್ಯಾಲೆನ್ಸ್ ನೀರುಪಾಲು.